ಕೆಸರಿನ ಓಟ, ಪತ್ರಿಕೆಗಳ ಗಡಿಯಾರ

2020ರ ಫೆಬ್ರವರಿಯಲ್ಲಿ ನಮ್ಮ ಪತ್ರಿಕೆಗಳಿಗೆಲ್ಲ ಒಮ್ಮೆಲೇ ಹುಚ್ಚು ಹಿಡಿಯಿತು. ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ಭಾಗಾಕಾರ ಮಾಡಿದರು: ನೂರು ಮೀಟರಿಗೆ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯ್ತು, ಗೌಡರು 'ಭಾರತದ ಬೋಲ್ಟ್' ಆಗಿಬಿಟ್ಟರು. ಆ ಬರಹಗಳನ್ನು ಈಗ ಮತ್ತೆ ಓದಿದರೆ ನಮಗೆ ಸಿಟ್ಟು ಬರುತ್ತದೆ. ಗೌಡರ ಮೇಲಲ್ಲ, ಬರೆದವರ ಮೇಲೆ.

ಲೆಕ್ಕವೇ ತಪ್ಪು. ಬೋಲ್ಟ್ ನಿಂತಲ್ಲಿಂದ ತನ್ನ ಕಾಲ ಬಲದಿಂದಲೇ ಹೊರಡಬೇಕು. ಕಂಬಳದ ಓಟಗಾರನನ್ನು ಎರಡು ಕೋಣಗಳು ಎಳೆಯುತ್ತವೆ. ಕೆಸರಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನಲ್ಲಿ ಕಾಲ್ಬೆರಳ ಮೇಲೆ ಎಂದು ಗೌಡರೇ ಹೇಳಿದರು. ಕೇಂದ್ರದ ಕ್ರೀಡಾಮಂತ್ರಿ ಪರೀಕ್ಷೆಗೆ ಕರೆದರೂ ಅವರು ಹೋಗಲಿಲ್ಲ. ಓಡಿದವನಿಗಿದ್ದ ವಿವೇಕ ಬರೆದವರಿಗಿರಲಿಲ್ಲ. ಅವರು ಕಟ್ಟಡ ಕೆಲಸದವರು ಎಂಬ ಮಾತೂ ಆ ಬರಹಗಳಲ್ಲಿ ಒಗ್ಗರಣೆಗಷ್ಟೇ ಬಂತು. ಹೆಬ್ಬಾಳ, ಯಲಹಂಕದಲ್ಲಿ ಏಳುತ್ತಿರುವ ಮಹಡಿಗಳಿಗೆ ಜಲ್ಲಿ ಹೊರುವ ಕಾಲುಗಳನ್ನು ಯಾವ ಮಂತ್ರಿ ಪರೀಕ್ಷೆಗೆ ಕರೆದಿದ್ದಾನೆ?

ಇದಕ್ಕಿಂತ ದೊಡ್ಡ ಮಾತೊಂದಿದೆ. ಕಂಬಳದ ಕರೆಯಲ್ಲಿ ಕೋಣಗಳಿಗಿಂತ ಮುಂಚೆ ಓಡಿದವರು ಯಾರು? ಕೊರಗರು. ಕೆಸರಿನಲ್ಲಿ ಗಾಜಿನ ಚೂರೋ ಮುಳ್ಳೋ ಇದ್ದರೆ ಅದು ಕೋಣದ ಕಾಲಿಗೆ ಚುಚ್ಚಬಾರದು, ಕೊರಗನ ಕಾಲಿಗೆ ಚುಚ್ಚಬೇಕು. ಹಿಂದಿನ ರಾತ್ರಿಯೆಲ್ಲ ಮಂಜಿನಲ್ಲಿ ಕೂತು ಡೋಲು ಬಾರಿಸಿದ ಜನ ಅವರು. ಅದಕ್ಕೆ 'ಪನಿಕುಲ್ಲುನಿ' ಅಂತ ಚೆಂದದ ಹೆಸರು ಬೇರೆ. ಇದು ನಾವು ಕಟ್ಟಿದ ಕತೆ ಅಲ್ರೀ. ಅಜಲು ಪದ್ಧತಿಯನ್ನು ನಿಷೇಧಿಸಿದ ಕರ್ನಾಟಕದ 2000ದ ಕಾಯ್ದೆ, ಅಜಲು ಎಂದರೇನು ಎಂದು ವಿವರಿಸುವಲ್ಲೇ ಇದನ್ನು ಹೇಳುತ್ತದೆ: ಕೂಲಿ ಕೊಡದಿರುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳ ಶುರುವಾಗುವ ಮುಂಚೆ ಕೋಣಗಳ ಹಾಗೆ ಓಡಿಸುವುದು. ಶಾಸನವೇ ದಾಖಲಿಸಿದ ಓಟ ಇದು. ಇದಕ್ಕೆ ಮೀಟರಿಲ್ಲ, ಸೆಕೆಂಡಿಲ್ಲ, ಓಡಿದವರ ಹೆಸರೂ ಇಲ್ಲ. ಫೆಬ್ರವರಿಯ ಆ ಗದ್ದಲದಲ್ಲಿ ನಮ್ಮ ಕೈಗೆ ಸಿಕ್ಕ ಬರಹಗಳಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ. ಗಡಿಯಾರ ಹಿಡಿದವನು ಎಲ್ಲಿಂದ ಎಣಿಸಲು ಶುರುಮಾಡುತ್ತಾನೋ ಇತಿಹಾಸವೂ ಅಲ್ಲಿಂದಲೇ ಶುರು ಎಂದು ಇವರು ನಂಬಿದ್ದಾರೆ.

ಮನುಷ್ಯನನ್ನು ಪ್ರಾಣಿಯ ಜೊತೆ ಓಡಿಸಿ ನೋಡುವ ಚಟ ತುಳುನಾಡಿನದು ಮಾತ್ರವಲ್ಲ. ಕಪ್ಪು ಜನಾಂಗದ ಜೆಸ್ಸಿ ಓವೆನ್ಸ್ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಹಿಟ್ಲರನ ಕಣ್ಣೆದುರೇ ನಾಲ್ಕು ಚಿನ್ನ ಗೆದ್ದ. ಅದೇ ವರ್ಷ ಡಿಸೆಂಬರಿನಲ್ಲಿ ಹವಾನಾದಲ್ಲಿ ದುಡ್ಡಿಗಾಗಿ ಕುದುರೆಯ ಜೊತೆ ಓಡಿದ. ಆ ಅವಮಾನ ಕ್ರೀಡೆಯ ಚರಿತ್ರೆಯಲ್ಲಿ ದಾಖಲಾಗಿದೆ, ಜಗತ್ತು ಅದನ್ನು ಓದುತ್ತದೆ. ನಮ್ಮ ಕೊರಗರದ್ದು ಕ್ರೀಡಾಪುಟಕ್ಕೆ ಬರಲೇ ಇಲ್ಲ.

2023ರ ನವೆಂಬರ್ 25 ಮತ್ತು 26ರಂದು ಕಂಬಳ ಬೆಂಗಳೂರಿಗೇ ಬಂತು. ಆರ್.ಟಿ. ನಗರದಿಂದ ಮೇಖ್ರಿ ಸರ್ಕಲ್ ದಾಟಿದರೆ ಅರಮನೆ ಮೈದಾನ, ಅಲ್ಲಿ. ಜೋಡುಕರೆಗೆ ಇಟ್ಟ ಹೆಸರು 'ರಾಜ-ಮಹಾರಾಜ'. ನೋಡಲು ಹೋದವರನ್ನು ನಾವು ಹಳಿಯುವುದಿಲ್ಲ, ಕೋಣಗಳ ಓಟ ಚೆಂದವೇ. ಆದರೆ ಕರೆಗೆ ಹೆಸರಿಡುವಾಗ ರಾಜರು ನೆನಪಾಗುತ್ತಾರೆ, ಅದೇ ಕೆಸರು ತುಳಿದವರು ಆಗುವುದಿಲ್ಲ, ಯಾಕೆ?

ಶಾಲೆಯ ಕ್ರೀಡಾಕೂಟದ ದಿನ ಕರಿಹಲಗೆಯ ಮೇಲೆ ಬೋಲ್ಟನ 9.58 ಬರೆಯುವ ಮೇಷ್ಟ್ರುಗಳಿಗೆ ಒಂದು ಮಾತು. ಅದರ ಕೆಳಗೆ ಆ ಕಾಯ್ದೆಯ ಹೆಸರನ್ನೂ ವರ್ಷವನ್ನೂ ಬರೀರಿ. ಇದ್ಯಾಕೆ ಸಾರ್ ಅಂತ ಮಕ್ಕಳು ಕೇಳಿದರೆ ಬಿಡಿಸಿ ಹೇಳಿ.