ಒಂದೇ ಚಂದ್ರ, ನೂರಾರು ಪ್ರಿಂಟು

ವೀಕೆಂಡ್ ಫೋಟೋಗ್ರಫಿ ವರ್ಕ್‌ಶಾಪುಗಳ ಬಗ್ಗೆ ನನ್ನದೊಂದು ತಕರಾರಿದೆ. ಹಂಪಿಯ ಮಾತಂಗ ಬೆಟ್ಟದ ಮೇಲೆ ಬೆಳಗಿನ ಜಾವ ಟ್ರೈಪಾಡುಗಳು ಸಾಲಾಗಿ ನಿಲ್ಲುತ್ತವೆ. ಮೇಷ್ಟ್ರು ಅಪರ್ಚರ್ ಹೇಳ್ತಾರೆ, ಎಲ್ಲರ ಕಾರ್ಡಿನಲ್ಲೂ ಅದೇ ಸೂರ್ಯ. ಚೆನ್ನಾಗೇ ಇರುತ್ತೆ ಬಿಡಿ. ಆದರೆ ಯಾರ ಫೋಟೋ ಯಾವುದು?

ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಮೂಡಿದ ಚಂದ್ರನನ್ನು ತೆಗೆದ. ಲೈಟ್ ಮೀಟರ್ ಕೈಗೆ ಸಿಗಲಿಲ್ಲ, ಚಂದ್ರನ ಬೆಳಕಿನಿಂದಲೇ ಲೆಕ್ಕ ಹಾಕಿದ. ಎರಡನೇ ಫ್ರೇಮಿಗೆ ಮೊದಲೇ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಈ ಸಾಹಸವನ್ನು ಎಲ್ಲರೂ ಹೇಳ್ತಾರೆ. ನನಗೆ ಹಿಡಿಸುವುದು ಆಮೇಲಿನದು: ಮೊದಮೊದಲ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿದೆ, ಮೋಡ ಕಾಣುತ್ತವೆ. ದಶಕಗಳು ಕಳೆದಂತೆ ಅದೇ ನೆಗೆಟಿವ್‌ನ ಆಕಾಶ ಕಪ್ಪಾಗುತ್ತಾ ಹೋಯಿತು. ಪಿಯಾನೋ ಕಲಿತಿದ್ದ ಆತ ನೆಗೆಟಿವನ್ನು ಸ್ವರಲಿಪಿಗೂ ಪ್ರಿಂಟನ್ನು ಕಛೇರಿಗೂ ಹೋಲಿಸುತ್ತಿದ್ದ. ಯೊಸೆಮಿಟಿಯಲ್ಲಿ ವರ್ಷಗಟ್ಟಲೆ ವರ್ಕ್‌ಶಾಪು ನಡೆಸಿದವನೂ ಅವನೇ.

ಆರ್ಟಿಸ್ಟ್ ರೆಸಿಡೆನ್ಸಿಯಿಂದ ನಾನು ಬಯಸುವುದೂ ಇಷ್ಟೇ: ಒಂದು ತಿಂಗಳು, ಒಂದು ಖಾಲಿ ಗೋಡೆ, ಅಂಟಿಸಿದ ಪ್ರಿಂಟ್ ನೋಡಿ "ಇದ್ಯಾಕೆ ಇಲ್ಲಿದೆ?" ಅಂತ ಕೇಳುವ ಪಕ್ಕದ ಕೋಣೆಯ ಚಿತ್ರಕಲಾವಿದೆ. ಮುಂದಿನ ಸಲ ಫೀಸು ಕಟ್ಟುವ ಮುಂಚೆ ಲೊಕೇಶನ್ ಪಟ್ಟಿ ಪಕ್ಕಕ್ಕಿಡಿ. ನಮ್ಮ ಪ್ರಿಂಟುಗಳನ್ನ ನೋಡೋಕೆ ಎಷ್ಟು ಗಂಟೆ ಇಟ್ಟಿದ್ದೀರಿ ಅಂತ ಕೇಳಿ.