ಬಂಪರ್ ಹೊತ್ತ ಕೂದಲು

ಡೆಟ್ರಾಯಿಟ್ ಬಳಿಯ ನಮ್ಮೂರು ಟ್ರಾಯ್‌ನ ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಹೊಸ ಕಾರಿನ ಪೂಜೆ ನಡೆಯುವಾಗ ನನ್ನ ಕಣ್ಣು ಬಂಪರ್ ಮೇಲೆ ನಿಲ್ಲುತ್ತದೆ. ಅದರ ಮೇಲೆ ಅರಿಶಿನ ಕುಂಕುಮದ ಬೊಟ್ಟು, ಚಕ್ರದಡಿ ನಿಂಬೆಹಣ್ಣು. ಕಾರು ಕೊಂಡವರು ಎಷ್ಟೋ ಸಲ ಕಾರು ಉದ್ಯಮದ ಎಂಜಿನಿಯರುಗಳೇ. ಗಂಟೆಗೆ 2.5 ಮೈಲಿ ವೇಗದ ಗುದ್ದನ್ನು ಬಂಪರ್ ತಾಳಿಕೊಳ್ಳಬೇಕೆಂಬ ಅಮೆರಿಕದ ನಿಯಮ ಬಲ್ಲವರು. ಲೆಕ್ಕವೆಲ್ಲ ಮುಗಿದ ಮೇಲೂ ಒಂದಿಷ್ಟು ಅಂಜಿಕೆ ಉಳಿದೇ ಇರುತ್ತದೆ. ಆ ಅಂಜಿಕೆಗೆ ರೂಪ ಕೊಟ್ಟ ಕಲಾವಿದೆ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ.

ಅವರ ‘ಬಿಹೋಲ್ಡ್’ ಎಂಬ ಕೃತಿ 2009ರ ವೆನಿಸ್ ಬಿನಾಲೆಯಲ್ಲಿ ಪ್ರದರ್ಶನಗೊಂಡು, ಮುಂದೆ ಲಂಡನ್ನಿನ ಟೇಟ್ ಸಂಗ್ರಹ ಸೇರಿತು. ದೇವರಿಗೆ ಮುಡಿ ಕೊಟ್ಟವರ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಸಾವಿರ ಮೀಟರ್ ಹಗ್ಗ, ಸುಮಾರು ಇಪ್ಪತ್ತು ಕ್ರೋಮ್ ಬಂಪರ್: ಕೃತಿಯಲ್ಲಿರುವುದು ಇಷ್ಟೇ. ದೃಷ್ಟಿ ತಾಗದಿರಲೆಂದು ಬೆಂಗಳೂರಿನ ವಾಹನಗಳಿಗೆ ಕಟ್ಟುವ ಕರಿ ಹಗ್ಗವೇ ಇದು. ಬೀದಿಯಲ್ಲಿ ಕೂದಲು ಬಂಪರಿಗೆ ಅಂಟಿಕೊಂಡು ಜೋತಾಡುತ್ತದೆ. ಇಲ್ಲಿ ಬಂಪರುಗಳೇ ಕೂದಲಿಗೆ ಜೋತುಬಿದ್ದಿವೆ. ಭಾರ ಹೊರುವ ಕೆಲಸ ಕೂದಲಿಗೆ ಬಂದಿದೆ. ಇಷ್ಟೊಂದು ಸಣ್ಣ ಬದಲಾವಣೆಯಿಂದ ಇಷ್ಟೊಂದು ದೊಡ್ಡ ಅರ್ಥ ಹೊರಡಿಸಿದ ಶಿಲ್ಪಗಳು ನಮ್ಮ ಕಾಲದಲ್ಲಿ ವಿರಳ.

ಶೀಲಾ ಅವರನ್ನು ‘ಬಹುಮಾಧ್ಯಮ ಕಲಾವಿದೆ’ ಎಂದು ಕರೆದು ಸುಮ್ಮನಾಗುವುದು ಸುಲಭ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಕಲಿತ ಅವರು ಮೊದಲಿಗೆ ಚಿತ್ರ ಬರೆಯುತ್ತಿದ್ದವರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ದೇಶ ಕೋಮುದ್ವೇಷದಲ್ಲಿ ಬೇಯುತ್ತಿದ್ದಾಗ, ಸೆಗಣಿಗೆ ಕೈ ಹಾಕಿದರು. ಅಲ್ಲಿಂದ ಕುಂಕುಮ, ದಾರ, ಊದುಬತ್ತಿಯ ಹಿಟ್ಟು, ಟಾರು ಡ್ರಮ್ಮು, ಕೂದಲು. ಮಾಧ್ಯಮ ಬದಲಾಗುತ್ತ ಹೋದರೂ ಅವರು ಹಿಡಿದ ಎಳೆ ಒಂದೇ: ವಸ್ತುವಿನಲ್ಲಿ ಇಂಗಿಹೋದ ದುಡಿಮೆ. ಸೆಗಣಿ ಎಂದರೆ ಬೆರಣಿ ತಟ್ಟಿದ ಕೈ, ಊದುಬತ್ತಿ ಎಂದರೆ ಹೊಸೆದ ಕೈ, ಡ್ರಮ್ಮು ಎಂದರೆ ರಸ್ತೆ ಮಾಡಿದ ಕೈ. ಚಪ್ಪಟೆ ಬಡಿದ ಟಾರು ಡ್ರಮ್ಮುಗಳ ಒಂದು ಕೃತಿಗೆ ಅವರಿಟ್ಟ ಹೆಸರು ‘ಕಾಗೆಬಂಗಾರ’. ಅಭ್ರಕಕ್ಕೆ ಕನ್ನಡ ಕೊಟ್ಟ ಆ ಹೆಸರಿನಲ್ಲಿ ಮಿನುಗೂ ಇದೆ, ಬಡತನವೂ ಇದೆ.

ನಮ್ಮೂರಿನಿಂದ ಅರ್ಧ ಗಂಟೆ ಕಾರು ಓಡಿಸಿದರೆ ಡೆಟ್ರಾಯಿಟ್ ಕಲಾ ಸಂಗ್ರಹಾಲಯ. ಅಲ್ಲಿ ಮೆಕ್ಸಿಕೋದ ಚಿತ್ರಕಾರ ಡಿಯೇಗೋ ರಿವೇರಾ 1932–33ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಫೋರ್ಡ್ ಕಾರ್ಖಾನೆಯ ಕಾರ್ಮಿಕರು ಬೆನ್ನು ಬಾಗಿಸಿ, ತೋಳು ಬಿಗಿದು ಎಂಜಿನ್ ಜೋಡಿಸುತ್ತಾರೆ. ದುಡಿಮೆಯ ಬಗ್ಗೆ ಇದಕ್ಕಿಂತ ದೊಡ್ಡ ಗಂಟಲಿನಲ್ಲಿ ಹಾಡಿದ ಗೋಡೆಗಳನ್ನು ನಾನು ಕಂಡಿಲ್ಲ. ರಿವೇರಾ ದುಡಿಯುವ ಮೈಯನ್ನೇ ಎದುರಿಗೆ ನಿಲ್ಲಿಸುತ್ತಾರೆ. ಶೀಲಾ ಅವರಲ್ಲಿ ಆ ಮೈ ಎದ್ದು ಹೋಗಿರುತ್ತದೆ, ಬಿಟ್ಟುಹೋದದ್ದಷ್ಟೇ ಇರುತ್ತದೆ. ರಿವೇರಾ ಎದುರು ನಾನು ತಲೆ ಎತ್ತಿ ನಿಲ್ಲುತ್ತೇನೆ. ಮುಡಿ ಕೊಟ್ಟ ಆ ತಾಯಿ ಯಾವ ಹರಕೆ ಹೊತ್ತಿದ್ದಳೋ ಎಂಬ ಪ್ರಶ್ನೆಯನ್ನು ಶೀಲಾ ಅವರ ಹಗ್ಗ ನನ್ನೊಳಗೆ ಹಾಕುತ್ತದೆ.

ಜರ್ಮನಿ ಅವರನ್ನು ಚೆನ್ನಾಗಿ ಗುರುತಿಸಿತು. 2007ರಲ್ಲಿ ಕಾಸೆಲ್‌ನ ಡಾಕ್ಯುಮೆಂಟಾ 12 ಕಲಾಪ್ರದರ್ಶನದಲ್ಲಿ ‘ಕೊಲ್ಯಾಟರಲ್’ ಬಂತು: ಉರಿದು ಬೂದಿಯಾದ ಊದುಬತ್ತಿ ಹಿಟ್ಟಿನ ಹರಹು. 2019ರ ಮರಿಯಾ ಲಾಸ್ನಿಗ್ ಪ್ರಶಸ್ತಿಯ ಬೆನ್ನಿಗೆ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಸಂಗ್ರಹಾಲಯದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಜರ್ಮನ್ ಕಲಾವಿದ ಯೋಸೆಫ್ ಬಾಯ್ಸ್ ಅವರ ‘ನಿನ್ನ ಗಾಯ ತೋರಿಸು’ ಎಂಬ ಕೃತಿ ಇರುವುದೂ ಅದೇ ಮನೆಯಲ್ಲಿ. ಬಾಯ್ಸ್ ಕೊಬ್ಬು, ಕಂಬಳಿಗಳಿಗೆ ತಮ್ಮ ಯುದ್ಧಕಾಲದ ಕಥೆಯೊಂದನ್ನು ಹೆಣೆದು ಅರ್ಥ ತುಂಬಿದರು. ಶೀಲಾ ಅವರ ವಸ್ತುಗಳಿಗೆ ಕಲಾವಿದೆಯ ಆತ್ಮಕಥೆಯ ಊರುಗೋಲು ಬೇಕಿಲ್ಲ, ಜನರ ಬಳಕೆಯೇ ಅವುಗಳಿಗೆ ಅರ್ಥ ಕೊಟ್ಟಿರುತ್ತದೆ. ಹೀಗಾಗಿ ಅವು ಇನ್ನೂ ಗಟ್ಟಿ ಎಂದು ನನಗನ್ನಿಸುತ್ತದೆ.

ನನ್ನ ತಕರಾರೂ ಇಲ್ಲೇ ಇದೆ. 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ನೂರು ಮೀಟರಿಗೂ ಉದ್ದದ ದಾರಗಳನ್ನು ಸೂಜಿಗಣ್ಣಿನಲ್ಲಿ ಎಳೆದೆಳೆದು, ಕುಂಕುಮ ಗೋಂದಿನಲ್ಲಿ ಅದ್ದಿ ಕೆಂಪು ಹುರಿ ಮಾಡಿದರು. ಸೂಜಿಗಳು ತುದಿಯಲ್ಲಿ ಗೊಂಚಲಾಗಿ ತೂಗುತ್ತವೆ. ಆ ಹುರಿಯಲ್ಲಿ ಕಲಾವಿದೆಯ ಬೆರಳಿನ ದಣಿವೇ ಇದೆ, ನೋವೆಂಬ ಮಾತಿಗೆ ಅದೇ ಸಾಕ್ಷಿ. ‘ಬಿಹೋಲ್ಡ್’ನಲ್ಲಿ ದಣಿದದ್ದು ಬೇರೆಯವರ ಕೈ. ಹಗ್ಗ ಹೊಸೆದವರು ಅನಾಮಿಕರಾಗಿ ಉಳಿಯುತ್ತಾರೆ. ದುಡಿಮೆಯನ್ನೇ ಉಸಿರಾಗಿಸಿಕೊಂಡ ಕಲೆ ದುಡಿದವರ ಹೆಸರನ್ನೂ ಹೊತ್ತು ಬರಲಿ ಎಂದು ಕೇಳುವುದು ಅತಿಯಾಸೆಯಲ್ಲ. ಹೆಸರಿಲ್ಲದೆ ಹೋದರೆ ದೂರದೇಶದ ನೋಡುಗನಿಗೆ ಈ ಕೂದಲು ‘ಭಾರತದ ವಿಚಿತ್ರ ನಂಬಿಕೆ’ಯಾಗಿ ಮಾತ್ರ ಕಂಡುಬಿಡುವ ಅಪಾಯವಿದೆ. ಈ ಕೊರತೆಯನ್ನು ಎಣಿಸಿಯೂ ‘ಬಿಹೋಲ್ಡ್’ ನನ್ನ ಪಾಲಿಗೆ ಅವರ ಅತ್ಯುತ್ತಮ ಕೃತಿ.

ಪ್ರತಿ ಆಗಸ್ಟಿನಲ್ಲಿ ನಮ್ಮ ಕಡೆಯ ವುಡ್‌ವರ್ಡ್ ರಸ್ತೆಯಲ್ಲಿ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. ಹೋದ ಸಲ ಮುದುಕರೊಬ್ಬರು ಮೆತ್ತನೆ ಬಟ್ಟೆಯಲ್ಲಿ ಕ್ರೋಮ್ ಬಂಪರ್ ಒರೆಸುತ್ತಿದ್ದರು. ಒರೆಸಿ, ಬಾಗಿ ನೋಡಿ, ಬಾಯಿಂದ ಹಬೆ ಊದಿ ಮತ್ತೆ ಒರೆಸಿದರು. ಆ ಹೊಳಪಿನಲ್ಲಿ ಬಿಸಿಲಿತ್ತು, ನನ್ನ ಮುಖವೂ ಇತ್ತು. ಹಿಂದೆಲ್ಲ ನಾನು ಅಷ್ಟನ್ನೇ ನೋಡಿ ಮುಂದೆ ಹೋಗುತ್ತಿದ್ದೆ. ಈಗ ಬಟ್ಟೆ ಹಿಡಿದ ಕೈಯನ್ನೂ ನೋಡುತ್ತೇನೆ.