ಎಳ್ಳಿನಷ್ಟು ಅಂತರ: ಗಂಗಾಧರಪಂತರ ಪಾನಿಪತವನ್ನು ಗಡಿಯಲ್ಲಿ ಕುಳಿತು ಓದಿದಾಗ

ಮರಾಠಿಯಲ್ಲಿ ಒಂದು ಮಾತಿದೆ. ಹಿಡಿದ ಕಾರ್ಯ ಪೂರ್ತಿ ಹಾಳಾದಾಗ, ಹೊಲದ ಬೆಳೆ ಕೈಬಿಟ್ಟಾಗ, ಚುನಾವಣೆಯಲ್ಲಿ ಠೇವಣಿ ಹೋದಾಗ 'ಪಾನಿಪತ ಆಯಿತು' ಎನ್ನುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರಾದ ನಮ್ಮ ಕಿವಿಗೂ ಈ ಮಾತು ಹೊಸದಲ್ಲ. 1761ರ ಜನವರಿ 14ರಂದು ಅಹಮದ್ ಶಾಹ ಅಬ್ದಾಲಿಯ ಎದುರು ಮರಾಠಾ ಸೈನ್ಯ ನೆಲಕಚ್ಚಿದ ನೆನಪು ಹೀಗೆ ನುಡಿಗಟ್ಟಾಗಿ ಉಳಿದಿದೆ. ಆ ನುಡಿಗಟ್ಟಿನ ಶ್ಲೇಷೆಯನ್ನು ಹೆಸರಿನಲ್ಲೇ ಹೊತ್ತ ಒಂದು ಕಥೆ ಜಯಂತ ನಾರಳೀಕರರ 'ಗಂಗಾಧರಪಂತಾಂಚೆ ಪಾನಿಪತ'. ಇಂಗ್ಲಿಷಿನಲ್ಲಿ ಇದು 'ದಿ ಅಡ್ವೆಂಚರ್' ಎಂದಾಗಿ, ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ 'ಹಾರ್ನ್‌ಬಿಲ್' ಪಠ್ಯದಲ್ಲಿ ಸೇರಿತು. ನಮ್ಮ ಮನೆಗಳ ಎಷ್ಟೋ ಮಕ್ಕಳು ಈ ಕಥೆಯನ್ನು ಬಲ್ಲುದು ಆ ಸಪ್ಪೆ ಹೆಸರಿನಿಂದಲೇ. ಹೆಸರು ಬದಲಾದೊಡನೆ ಕಥೆಯ ಅರ್ಧ ನಗೆ ಹೋಯಿತೆಂಬುದು ನಮ್ಮ ಮೊದಲ ತಕರಾರು.

2025ರ ಮೇ 20ರಂದು ಪುಣೆಯಲ್ಲಿ ತೀರಿಕೊಂಡ ನಾರಳೀಕರರನ್ನು ಜಗತ್ತು ಬಲ್ಲುದು ಖಗೋಳ ವಿಜ್ಞಾನಿಯಾಗಿ. ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿ ಗುರುತ್ವದ ಹೊಸ ಸಿದ್ಧಾಂತವೊಂದನ್ನು ಗುರುವಿನೊಡನೆ ಕಟ್ಟಿದವರು, ಪುಣೆಯಲ್ಲಿ ಅಯುಕಾ ಸಂಸ್ಥೆಯನ್ನು ಬೆಳೆಸಿದವರು. ಕಥೆಗಾರರಾಗಿ ಅವರು ಕಾಲಿಟ್ಟ ಬಗೆ ಮಾತ್ರ ಸ್ವಾರಸ್ಯದ್ದು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ನಡೆಸಿದ ಕಥಾಸ್ಪರ್ಧೆಗೆ ಅವರು 'ಕೃಷ್ಣವಿವರ' ಎಂಬ ಕಥೆಯನ್ನು ನಾರಾಯಣ ವಿನಾಯಕ ಜಗತಾಪ ಎಂಬ ಕಲ್ಪಿತ ಹೆಸರಿನಲ್ಲಿ ಕಳುಹಿಸಿದರು. ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿಟ್ಟು ಮಾಡಿದ ಹೆಸರದು. ಅಕ್ಷರದ ಗುರುತು ಸಿಕ್ಕೀತೆಂದು ಪತ್ನಿ ಮಂಗಲಾ ಅವರಿಂದ ನಕಲು ಬರೆಸಿದ್ದರು. ಕಥೆಗೆ ಮೊದಲ ಬಹುಮಾನ ಬಂತು. ದೊಡ್ಡ ವಿಜ್ಞಾನಿ ತನ್ನ ಭಾಷೆಯ ಮುಂದೆ ಹೊಸ ಉಮೇದುವಾರನಾಗಿ, ಹೆಸರಿನ ಬಲವಿಲ್ಲದೆ ನಿಂತ ಆ ವಿನಯವನ್ನು ನಾವು ಬಹಳವಾಗಿ ಗೌರವಿಸುತ್ತೇವೆ. (ಅದೇ 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು. ಇದು ಕಾಕತಾಳೀಯವೇ, ಆದರೂ ಈ ಸಂಚಿಕೆಯಲ್ಲಿ ಅದನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.)

ಕಥೆಯ ಸಾರ ಹೀಗಿದೆ. ಗಂಗಾಧರಪಂತ ಗಾಯತೊಂಡೆ ಪುಣೆಯ ಇತಿಹಾಸದ ಪ್ರಾಧ್ಯಾಪಕರು. ಐದು ಸಂಪುಟಗಳ ಭಾರತ ಇತಿಹಾಸ ಬರೆದವರು. ಅವರು ಮುಂಬಯಿಗೆ ರೈಲಿನಲ್ಲಿ ಹೊರಟಿದ್ದಾರೆ. ಉದ್ದನೆಯ ಸುರಂಗ ದಾಟಿದ ಮೇಲೆ 'ಸರಹದ್' ಎಂಬ ಸಣ್ಣ ನಿಲ್ದಾಣ ಬರುತ್ತದೆ. ಸಮವಸ್ತ್ರದ ಆಂಗ್ಲೋ-ಇಂಡಿಯನ್ ಒಬ್ಬ ಎಲ್ಲರ ಪರವಾನಗಿ ನೋಡುತ್ತಾನೆ. ಅದರಾಚೆಗಿನ ಮುಂಬಯಿ ಬ್ರಿಟಿಷರದು. 1908ರ ಒಪ್ಪಂದದಂತೆ 2001ರವರೆಗೆ ಅವರಿಗೆ ಗುತ್ತಿಗೆಯಲ್ಲಿರುವ ನಗರ. ಉಳಿದ ಭಾರತ ಎಂದೂ ಪರಾಧೀನವಾಗದ, ತನ್ನ ಕಾಲಮೇಲೆ ನಿಂತ ಪ್ರಜಾರಾಜ್ಯ. ಬೆರಗಾದ ಪಂತರು ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯ ಹೊಕ್ಕು ತಾವೇ ಬರೆದ ಇತಿಹಾಸವನ್ನು ತೆಗೆಯುತ್ತಾರೆ. ನಾಲ್ಕು ಸಂಪುಟಗಳವರೆಗೆ ಎಲ್ಲವೂ ಸರಿ. ಐದನೆಯದರಲ್ಲಿ ಮರಾಠರು ಪಾನಿಪತವನ್ನು ಗೆದ್ದಿದ್ದಾರೆ! ಅಲ್ಲಿರುವ ಭಾವೂಸಾಹೇಬರ ಬಖರದ ಪ್ರಕಾರ ವಿಶ್ವಾಸರಾಯನಿಗೆ ತಗುಲಬೇಕಿದ್ದ ಗುಂಡು ಕಿವಿಯ ಬಳಿ ಸವರಿಕೊಂಡು ಹೋಗಿದೆ. ಎಳ್ಳಿನಷ್ಟು ಅಂತರದಲ್ಲಿ ಅವನು ಬದುಕಿದ್ದಾನೆ. ಉಳಿದ ಇತಿಹಾಸವೆಲ್ಲ ಆ ಎಳ್ಳಿನಿಂದ ಬೆಳೆದದ್ದು.

ಎಳ್ಳು ಎಂಬ ಮಾತು ಓದುವಾಗ ಸೊಲ್ಲಾಪುರದವರ ಮನಸ್ಸು ತಾನಾಗಿಯೇ ಸಂಕ್ರಾಂತಿಗೆ, ಸಿದ್ಧರಾಮೇಶ್ವರರ ಜಾತ್ರೆಗೆ, ನಂದಿಧ್ವಜಗಳ ಮೆರವಣಿಗೆಗೆ ಹೋಗುತ್ತದೆ. ಪಾನಿಪತದ ದಿನಾಂಕವೂ ಇಂದಿನ ಪಂಚಾಂಗದಲ್ಲಿ ಅದೇ ಹೊತ್ತಿಗೆ ಬೀಳುತ್ತದೆ. ಕೈಯಲ್ಲಿ ಎಳ್ಳು ಹಿಡಿದು 'ಒಳ್ಳೆಯ ಮಾತಾಡು' ಎನ್ನುವ ದಿನದಂದು ಈ ಕಥೆಯನ್ನು ಓದಿದರೆ ಅದರ ರುಚಿ ಬೇರೆ.

ಕಥೆಯ ಅತ್ಯುತ್ತಮ ಭಾಗ ಯಾವುದೆಂದು ಕೇಳಿದರೆ, ಗ್ರಂಥಾಲಯದ ಪ್ರಸಂಗವೆಂದು ನಾವು ಹೇಳುತ್ತೇವೆ. ಗೆದ್ದ ಪಾನಿಪತವನ್ನು ಕಂಡ ಪಂತರು ಕುಣಿಯುವುದಿಲ್ಲ, ಜಯಘೋಷ ಮಾಡುವುದಿಲ್ಲ. ಇದು ಹೇಗಾಯಿತು ಎಂದು ಪುಟ ತಿರುವುತ್ತಾರೆ. ಬೇರೊಬ್ಬ ಲೇಖಕನ ಕೈಯಲ್ಲಿ ಈ ವಸ್ತು ಕೆಟ್ಟ ವೀರಗಾಥೆಯಾಗುವ ಅಪಾಯ ಎಷ್ಟಿತ್ತು! ನಾರಳೀಕರರ ನಾಯಕನಿಗೆ ಬೇಕಾದುದು ಆಧಾರ. ಅದ್ಭುತದ ನಡುವೆಯೂ ಆಕರಗ್ರಂಥವನ್ನು ಕೇಳುವ ಈ ಚಾಳಿಯೇ ಕಥೆಗೆ ವೈಜ್ಞಾನಿಕವೆಂಬ ವಿಶೇಷಣವನ್ನು ತಂದುಕೊಡುತ್ತದೆ. ಕೊನೆಯಲ್ಲಿ ಬರುವ ಸಿದ್ಧಾಂತದ ಮಾತುಗಳಲ್ಲ.

ಆ ಸಿದ್ಧಾಂತದ ಭಾಗ ದುರ್ಬಲವೆಂದು ಹೇಳಲು ನಮಗೆ ಸಂಕೋಚವಿಲ್ಲ. ತಮ್ಮ ಲೋಕಕ್ಕೆ ಮರಳಿದ ಪಂತರಿಗೆ ರಾಜೇಂದ್ರ ದೇಶಪಾಂಡೆ ಎಂಬ ಮಿತ್ರ 'ಕೆಟಾಸ್ಟ್ರೊಫಿ ಸಿದ್ಧಾಂತ'ವನ್ನೂ ಕ್ವಾಂಟಂ ಅನಿಶ್ಚಿತತೆಯನ್ನೂ ಸೇರಿಸಿ ವಿವರಣೆ ಕೊಡುತ್ತಾನೆ. ಎಲೆಕ್ಟ್ರಾನ್ ಯಾವ ಕಡೆ ಹೋದೀತೆಂದು ಮೊದಲೇ ಹೇಳಲಾಗದು, ಬೇರೆ ಬೇರೆ ಲೋಕಗಳಲ್ಲಿ ಅದು ಬೇರೆ ಬೇರೆ ಕಡೆ ಇರಬಹುದು ಎಂಬ ವಾದ. ಆದರೆ ಬಂದೂಕಿನ ಗುಂಡು ಎಲೆಕ್ಟ್ರಾನ್ ಅಲ್ಲ. ಸೀಸದ ಗುಂಡಿನಂಥ ದೊಡ್ಡ ವಸ್ತುವಿನಲ್ಲಿ ಆ ಅನಿಶ್ಚಿತತೆ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ರೆನೆ ಟಾಮ್ ಕಟ್ಟಿದ ಕೆಟಾಸ್ಟ್ರೊಫಿ ಸಿದ್ಧಾಂತವಾದರೂ ನಿಧಾನವಾದ ಬದಲಾವಣೆ ಹಠಾತ್ತಾಗಿ ತಿರುವು ಪಡೆಯುವುದರ ಗಣಿತ. ಎರಡು ಲೋಕಗಳ ನಡುವೆ ಅದು ಸೇತುವೆ ಹಾಕಿಕೊಡದು. ಇದನ್ನೆಲ್ಲ ನಮಗಿಂತ ಸಾವಿರಪಾಲು ಚೆನ್ನಾಗಿ ಬಲ್ಲವರು ಕಥೆಗಾರರೇ. ಹಾಗಿದ್ದೂ ಅವರು ಆ ಸಂಭಾಷಣೆಯನ್ನು ಪಾಠದಂತೆ ಬೆಳೆಸಿದ್ದಾರೆ. ಓದುಗ ವಿಜ್ಞಾನವನ್ನು ಕಲಿಯದೆ ಹೋದಾನೆಂಬ ಶಿಕ್ಷಕನ ಚಿಂತೆ ಕಥೆಗಾರನನ್ನು ಗೆದ್ದ ಸ್ಥಳವದು. ಅವರದೇ 'ಧೂಮಕೇತು' ಕಥೆಯಲ್ಲಿ ಹಾಗಾಗಿಲ್ಲ. ಭೂಮಿಗೆ ಬಡಿಯಲಿದ್ದ ಧೂಮಕೇತುವನ್ನು ವಿಜ್ಞಾನಿಗಳು ತಿರುಗಿಸಿದ ಮೇಲೂ ಅದನ್ನು ಕಂಡುಹಿಡಿದವನ ಮನೆಯವರು ಶಾಂತಿಯಜ್ಞದ ಫಲವೆಂದೇ ನಂಬುತ್ತಾರೆ. ಅಲ್ಲಿ ಲೇಖಕರು ಪಾಠ ಹೇಳದೆ ಸುಮ್ಮನಾಗುತ್ತಾರೆ, ಕಥೆ ಚುಚ್ಚುತ್ತದೆ.

ಇನ್ನು ಕುರ್ಚಿಯ ವಿಷಯ. ಸಮ್ಮೇಳನದ ಸಂಚಿಕೆಯಲ್ಲಿ ಇದನ್ನು ಬಿಡುವುದು ಅಪ್ರಾಮಾಣಿಕತೆಯಾದೀತು. ಗಂಗಾಧರಪಂತರು 999 ಸಭೆಗಳಿಗೆ ಅಧ್ಯಕ್ಷರಾದವರು. ಆ ಇನ್ನೊಂದು ಲೋಕದ ಆಝಾದ್ ಮೈದಾನದಲ್ಲಿ ಉಪನ್ಯಾಸವೊಂದು ನಡೆದಿದೆ. ವೇದಿಕೆಯ ಮೇಲೆ ಅಧ್ಯಕ್ಷರ ಕುರ್ಚಿ ಖಾಲಿಯಾಗಿದೆ. ಖಾಲಿ ಕುರ್ಚಿಯನ್ನು ಕಂಡು ಸುಮ್ಮನಿರಲಾರದೆ ಪಂತರು ಹೋಗಿ ಕುಳಿತುಬಿಡುತ್ತಾರೆ. ಆ ಲೋಕದವರು ಅಧ್ಯಕ್ಷ ಭಾಷಣಗಳಿಂದ ಬೇಸತ್ತು ಆ ಪದ್ಧತಿಯನ್ನೇ ಕೈಬಿಟ್ಟವರು. ಪಂತರು ಬಿಡದೆ ಮಾತಿಗೆ ತೊಡಗಿದಾಗ ಟೊಮ್ಯಾಟೊ, ಮೊಟ್ಟೆ ತೂರಿಬರುತ್ತವೆ. ಅದೇ ಗಂಗಾಧರಪಂತರ ಪಾನಿಪತ. ಮರಳಿ ಬಂದ ಮೇಲೆ ಅವರು ಸಾವಿರದ ಸಭೆಯನ್ನು ಒಪ್ಪಿಕೊಳ್ಳುವುದಿಲ್ಲ. ಮುಂದೆ 2021ರಲ್ಲಿ ನಾಶಿಕದ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ನಾರಳೀಕರರೇ ಅಧ್ಯಕ್ಷರಾಗಿ ಆಯ್ಕೆಯಾದರು. ಅನಾರೋಗ್ಯದಿಂದಾಗಿ ಸಭೆಗೆ ಬರಲಾಗಲಿಲ್ಲ. ತನ್ನ ಕಥೆಯ ಖಾಲಿ ಕುರ್ಚಿ ಹೀಗೆ ಕಥೆಗಾರನನ್ನು ಹಿಂಬಾಲಿಸಿ ಬಂದಿತೆಂದು ನೆನೆದಾಗ ನಗುವಿನೊಡನೆ ಸಂಕಟವೂ ಆಗುತ್ತದೆ. ನಮ್ಮ ಸಂಘದ ಅಧ್ಯಕ್ಷರು ಈ ಕಂಡಿಕೆಯನ್ನು ಅನ್ಯಥಾ ಭಾವಿಸಲಾರರೆಂದು ನಂಬಿದ್ದೇವೆ.

ಸಮಾನಾಂತರ ಲೋಕಗಳ ಕಲ್ಪನೆ ಇಂದಿನ ಮಕ್ಕಳಿಗೆ ಹೊಸದೇನೂ ಅಲ್ಲ. 2023ರಲ್ಲಿ ಬಂದ 'ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್' ಚಿತ್ರದಲ್ಲಿ ಮುಂಬಯಿಯನ್ನೂ ಮ್ಯಾನ್‌ಹಟನ್ನನ್ನೂ ಬೆಸೆದ 'ಮುಂಬಟ್ಟನ್' ಎಂಬ ನಗರವಿದೆ, ಪವಿತ್ರ ಪ್ರಭಾಕರನೆಂಬ ಜೇಡಮಾನವನಿದ್ದಾನೆ. ಮಕ್ಕಳೊಡನೆ ನೋಡಿ ನಾವೂ ಸಂತೋಷಪಟ್ಟೆವು. ಆದರೆ ಆ ನಗರ ಹೀಗೇಕಾಯಿತು ಎಂಬ ಪ್ರಶ್ನೆಗೆ ಚಿತ್ರದಲ್ಲಿ ಎಡೆಯಿಲ್ಲ. ಬಣ್ಣಗಳಿವೆ, ವೇಗವಿದೆ, ಕಾರಣವಿಲ್ಲ. ನಾರಳೀಕರರ ಮುಂಬಯಿಯ ಹಾರ್ನ್‌ಬಿ ರಸ್ತೆಯಲ್ಲಿ ಇಂಗ್ಲಿಷರ ಬ್ಯಾಂಕುಗಳೂ ಅಂಗಡಿಗಳೂ ಸಾಲಾಗಿ ನಿಂತಿರುವುದಕ್ಕೆ ಒಂದು ಕಾರಣವಿದೆ. ಅದನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಒಂದು ಗುಂಡು, ಒಂದು ಕಿವಿ ಸಿಗುತ್ತವೆ. ಕೊನೆಗೆ ಸಾಕ್ಷಿಯಾಗಿ ಪಂತರ ಜೇಬಿನಲ್ಲಿ ಉಳಿಯುವುದು ಬಖರದ ಒಂದು ಹರಿದ ಹಾಳೆ ಮಾತ್ರ.

ಕಳೆದ ವರ್ಷ ನಮ್ಮ ಓದಿನ ಬಳಗದಲ್ಲಿ ಈ ಕಥೆಯನ್ನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ವಿವರಿಸುತ್ತಿದ್ದೆವು. ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ನಡುವೆಯೇ ಕೇಳಿದಳು: "ಸರ್, ಆ ಐದನೇ ಪುಸ್ತಕದಾಗ ನಮ್ಮೂರು ಯಾರ ಕಡಿ ಇತ್ತರೀ?"

ನಮ್ಮಲ್ಲಿ ಉತ್ತರವಿರಲಿಲ್ಲ. ಕಥೆಯಲ್ಲೂ ಇಲ್ಲ. ಗಂಗಾಧರಪಂತರ ದೃಷ್ಟಿ ಪುಣೆ, ದಿಲ್ಲಿ, ಮುಂಬಯಿಗಳ ಮೇಲಿದೆ. ಕೃಷ್ಣೆಯ ದಕ್ಷಿಣದ ಮಾತು ಅಲ್ಲಿ ಬಂದೇ ಇಲ್ಲವೆನ್ನಬೇಕು. ಹುಡುಗಿಯ ಪ್ರಶ್ನೆಯನ್ನು ಹಿಡಿದು ಹೋದಾಗ ನಮಗೆ ಕಂಡದ್ದು ಕಥೆಯ ದೊಡ್ಡ ಕೊರತೆ. ಪಾನಿಪತಕ್ಕೆ ಹೋದ ಸದಾಶಿವರಾವ್ ಭಾವೂ ಹೊರಟದ್ದು 1760ರಲ್ಲಿ ಉದಗೀರದಲ್ಲಿ ನಿಜಾಮನನ್ನು ಸೋಲಿಸಿದ ಬೆನ್ನಿಗೆ. ಆ ಒಪ್ಪಂದದಲ್ಲಿ ಪೇಶ್ವೆಗೆ ಬಂದ ಸ್ಥಳಗಳಲ್ಲಿ ಬಿಜಾಪುರವೂ ಒಂದು. ಅದೇ 1760ರಲ್ಲಿ ಹೈದರಾಲಿ ಶ್ರೀರಂಗಪಟ್ಟಣದಿಂದ ರಾತ್ರೋರಾತ್ರಿ ಓಡಿಹೋಗಬೇಕಾಯಿತು. ಅವನನ್ನು ಹೊರದೂಡಿದ ಖಂಡೇರಾಯನ ಬೆಂಬಲಕ್ಕೆ ಮರಾಠಾ ದಂಡು ಹತ್ತಿರದಲ್ಲೇ ಇತ್ತು. ಉತ್ತರದಲ್ಲಿ ಆಪತ್ತು ಬೆಳೆದಂತೆ ಆ ದಂಡು ಹಿಂದಿರುಗಿತು. 1761ರಲ್ಲಿ ಹೈದರಾಲಿ ಮೈಸೂರಿನ ಸರ್ವಾಧಿಕಾರಿಯಾದ. ಎಳ್ಳಿನಷ್ಟು ಅಂತರದಲ್ಲಿ ವಿಶ್ವಾಸರಾಯ ಬದುಕಿದ್ದರೆ, ಗೆದ್ದ ಸೈನ್ಯ ದಕ್ಷಿಣಕ್ಕೆ ತಿರುಗಿದ್ದರೆ, ಮೈಸೂರಿನ ಆ ನಲವತ್ತು ವರ್ಷಗಳ ಕಥೆ ಏನಾಗುತ್ತಿತ್ತು? ಟೀಪು ಎಲ್ಲಿರುತ್ತಿದ್ದ? ಬ್ರಿಟಿಷರು ಒಳನಾಡಿಗೆ ಬಾರದೇ ಹೋದ ಆ ಲೋಕದಲ್ಲಿ 'ಮುಂಬಯಿ ಕರ್ನಾಟಕ'ವೆಂಬ ಹೆಸರೇ ಹುಟ್ಟುತ್ತಿರಲಿಲ್ಲ. ಕಚೇರಿಯ ಕಾಗದ ಮೋಡಿಯಲ್ಲಿರುತ್ತಿತ್ತೋ ಕನ್ನಡದಲ್ಲೋ? ಕಥೆ ಗೆದ್ದವರ ಕಿಟಕಿಯಿಂದ ಮಾತ್ರ ಹೊರಗೆ ನೋಡಿದೆ. ಗೆಲುವೆಂದರೆ ಎಲ್ಲರ ಗೆಲುವೇ ಎಂದು ಸದ್ದಿಲ್ಲದೆ ಒಪ್ಪಿಕೊಂಡಿದೆ. ಇಷ್ಟು ಎಚ್ಚರದ ಲೇಖಕರಲ್ಲಿ ಇದು ಸಣ್ಣ ಲೋಪವಲ್ಲ.

ನಮ್ಮ ಕಡೆಗೂ ಬೆರಳು ತೋರಿಸಿಕೊಳ್ಳಬೇಕು. ಕನ್ನಡದಲ್ಲಿ ವೈಜ್ಞಾನಿಕ ಕಥೆ ಇಲ್ಲವೆಂದಲ್ಲ. ರಾಜಶೇಖರ ಭೂಸನೂರಮಠರಂಥವರು ಅದಕ್ಕಾಗಿ ದುಡಿದಿದ್ದಾರೆ. ಆದರೆ ನಮ್ಮ ವಿಮರ್ಶೆ ಆ ಪ್ರಕಾರವನ್ನು ಮಕ್ಕಳ ಕಪಾಟಿಗೆ ಸೇರಿಸಿ ಕೈತೊಳೆದುಕೊಂಡಿತು. ಇತ್ತ ಗಡಿನಾಡಿನ ನಾವೋ ಪರ್ಯಾಯ ಇತಿಹಾಸವನ್ನು ಹೆಸರು ತಿಳಿಯದೆಯೇ ದಿನವೂ ಆಡುವವರು. 1956ರ ನವೆಂಬರ್ 1ರ ಗೆರೆ ನಾಲ್ಕು ಹರದಾರಿ ಆಚೆ ಬಿದ್ದಿದ್ದರೆ? 1967ರ ಮಹಾಜನ ವರದಿ ಜಾರಿಗೆ ಬಂದಿದ್ದರೆ? ಮದುವೆಯ ಪಂಕ್ತಿಯಲ್ಲಿ, ಕಟ್ಟೆಯ ಮೇಲೆ, ಸಂಘದ ಸಭೆಯಲ್ಲಿ ಈ 'ಆಗಿದ್ದರೆ'ಗಳು ಎಷ್ಟು ಬಾರಿ ಕೇಳಿಬಂದಿಲ್ಲ! ಪ್ರತಿ ಬಾರಿಯೂ ಅವು ನಿಟ್ಟುಸಿರಾಗಿ ಇಲ್ಲವೆ ಮನವಿಪತ್ರವಾಗಿ ಮುಗಿದಿವೆ. ಕಥೆಯಾದದ್ದನ್ನು ನಾವು ಕಂಡಿಲ್ಲ. ಸರಹದ್ ನಿಲ್ದಾಣ ನಮ್ಮ ಮಗ್ಗುಲಲ್ಲಿಯೇ ಇರುವಾಗ ಅದನ್ನು ಬರೆಯಲು ಪುಣೆಯ ಖಗೋಳ ವಿಜ್ಞಾನಿ ಬೇಕಾಯಿತು. ಮರಾಠಿ ಬಖರನ್ನೂ ಕನ್ನಡ ಶಾಸನವನ್ನೂ ಎರಡನ್ನೂ ಓದಬಲ್ಲ ಮಕ್ಕಳು ಇರುವುದು ನಮ್ಮ ಈ ಪಟ್ಟಿಯಲ್ಲಿ. ಕನ್ನಡ ಶಾಲೆಯ ಪಟದ ಮೇಲಿನ ಹೆಸರುಗಳು ವರ್ಷವರ್ಷಕ್ಕೆ ಇಳಿಯುತ್ತಿರುವುದರಿಂದ ಅಂಥ ಮಕ್ಕಳು ಇನ್ನೆಷ್ಟು ಕಾಲ ಸಿಕ್ಕಾರೆಂಬುದು ನಮ್ಮ ಅಳುಕು.

ಪ್ರಶ್ನೆ ಕೇಳಿದ ಹುಡುಗಿ ಮೊನ್ನೆ ಎರಡು ಹಾಳೆ ಬರೆದು ತಂದಿದ್ದಳು. ಕನ್ನಡದಲ್ಲಿಯೇ ಬರೆದಿದ್ದಾಳೆ, ನಡುನಡುವೆ ಮರಾಠಿ ಶಬ್ದಗಳಿವೆ, ನಾವು ತಿದ್ದಲಿಲ್ಲ. ಅವಳ ರೈಲು ಬಿಜಾಪುರದ ಕಡೆಯಿಂದ ಬಂದು ಹೊಟಗಿ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ. ಪರವಾನಗಿ ನೋಡುವವನು ಡಬ್ಬಿಯೊಳಗೆ ಹತ್ತುತ್ತಾನೆ. ಅವನು ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲವಂತೆ. ಕಥೆ ಅಲ್ಲಿಗೆ ನಿಂತಿದೆ.